ಹಿಂದಿನ ಗಂಟು



 ಈ ವಾರ ನೀವು ಬರೆಯಿರಿ ಅಂತ ಗುರುಸ್ವಾಮಿ ಹೇಳಿದಾಗ ಬೇಡ ಅಂದಿದ್ದೆ. ಪ್ರವಚನ ಮಾಡುವಷ್ಟು ನಾನು ಓದಿದವನಲ್ಲ, ಇದು ನನಗೆ ಮೂರನೇ ಮಾಲೆ ಅಷ್ಟೆ. ಆದರೆ ಈ ಮಂಡಲ ಶುರುವಾಗಿ ಎರಡು ವಾರದೊಳಗೆ ನಮ್ಮ ಗುಂಪಿನ ಮೂವರು ಸ್ವಾಮಿಗಳ ಕೆಲಸ ಹೋಗಿದೆ. ಇಬ್ಬರು ಪುಣೆಯವರು, ಒಬ್ಬರು ಹೈದರಾಬಾದಿನವರು. ಅವರಲ್ಲಿ ಒಬ್ಬರು, ಈ ಸಲ ಮಾಲೆ ತೆಗೆದುಬಿಡಲೇ ಅಂತ ಕೇಳಿದ್ದಾರೆ. "ಇದಕ್ಕೆ ನಾನು ಶಾಸ್ತ್ರ ಹೇಳುದಕ್ಕಿಂತ ನೀವು ಕಳೆದ ವರ್ಷದ್ದು ಹೇಳುದು ಒಳ್ಳೆದು" ಅಂದರು ಗುರುಸ್ವಾಮಿ. ಅದಕ್ಕೇ ಹೇಳುತ್ತಿದ್ದೇನೆ. ತಪ್ಪಿದ್ದರೆ ಸ್ವಾಮಿಗಳು ಕ್ಷಮಿಸಬೇಕು.

ಕಳೆದ ವರ್ಷ ವೃಶ್ಚಿಕ ಒಂದಕ್ಕೆ ಮಾಲೆ ಹಾಕಿದೆ. ಹನ್ನೆರಡನೇ ದಿನ ಕೆಲಸ ಹೋಯಿತು.

ನಾನು ಹಿಂಜವಡಿಯ ಒಂದು ಕಂಪನಿಯಲ್ಲಿ ಐಟಿ ಸಪೋರ್ಟಿನಲ್ಲಿದ್ದೆ. ಕಂಪನಿ ಬಿಟ್ಟು ಹೋಗುವವರ ಹೆಸರಿನಲ್ಲಿ ನಮಗೆ ಒಂದು ಟಿಕೆಟ್ ಬರುತ್ತದೆ. ಅವರ ಲಾಗಿನ್ ಬಂದ್ ಮಾಡಬೇಕು, ಮೇಲ್ ನಿಲ್ಲಿಸಬೇಕು, ಲ್ಯಾಪ್‌ಟಾಪ್ ವಾಪಸ್ ಪಡೆದು ಟಿಕೆಟ್ ಮುಚ್ಚಬೇಕು. ಒಂದಕ್ಕೆ ಹತ್ತು ನಿಮಿಷ. ಎಷ್ಟು ಜನರದ್ದು ಮಾಡಿದ್ದೇನೋ ಲೆಕ್ಕವಿಲ್ಲ, ಯಾರ ಹೆಸರೂ ನೆನಪಿಲ್ಲ. ಅವತ್ತು ಮಧ್ಯಾಹ್ನ ನಾಲ್ಕಕ್ಕೆ ಚಹಾ ಟೈಮ್ ಮುಗಿಸಿ ಬಂದು ಕೂತರೆ ನನ್ನ ಲಾಗಿನ್ನೇ ಆಗುತ್ತಿಲ್ಲ. ಪಾಸ್‌ವರ್ಡ್ ಅವಧಿ ಮುಗಿದಿರಬೇಕು ಅಂದುಕೊಂಡು ಪಕ್ಕದ ಸೀಟಿನ ಹುಡುಗನಿಗೆ ರೀಸೆಟ್ ಮಾಡು ಅಂದೆ. ಅವನು ನನ್ನ ಮುಖ ನೋಡಲಿಲ್ಲ. ಟಿಕೆಟ್ ಅವನಿಗೇ ಹೋಗಿತ್ತು. ಐದು ನಿಮಿಷದ ಮೇಲೆ ಎಚ್‌ಆರ್ ಕರೆದರು. ಪ್ರಾಜೆಕ್ಟ್ ಮುಗಿಯಿತು, ಒಂದು ತಿಂಗಳ ಸಂಬಳ ಕೊಡುತ್ತೇವೆ ಅಂದರು. ಎಲ್ಲದಕ್ಕೂ ತಲೆ ಅಲ್ಲಾಡಿಸಿದೆ.

ಗೇಟಿಗೆ ಬಂದಾಗ ಕೊರಳಲ್ಲಿ ಎರಡಿದ್ದವು, ಐಡಿ ಕಾರ್ಡು ಮತ್ತು ಮಾಲೆ. ಸೆಕ್ಯುರಿಟಿಯವನು ಒಂದನ್ನು ಇಸಿದುಕೊಂಡ. "ಬರ್ತೀನಿ ಸ್ವಾಮಿ" ಅಂತ ಹಿಂದಿಯಲ್ಲಿ ಅಂದ. ಕಾರ್ಡು ಹೋದ ಮೇಲೂ ಅವನಿಗೆ ನಾನು ಸ್ವಾಮಿಯೇ ಆಗಿದ್ದೆ. ಅವತ್ತು ಅದು ನನ್ನ ಕಿವಿಗೆ ಬೀಳಲಿಲ್ಲ.

ಇನ್ನು ನನ್ನ ತಪ್ಪಿನ ವಿಷಯ. ಕೆಲಸ ಹೋದದ್ದು ನನ್ನ ತಪ್ಪಲ್ಲ, ಆಮೇಲೆ ಮಾಡಿದ್ದು ನನ್ನದೇ. ಯಾರಿಗೂ ಹೇಳಲಿಲ್ಲ. ರೂಮಿನವರಿಗೆ ಗೊತ್ತಾಗಬಾರದು ಅಂತ ದಿನಾ ಬೆಳಿಗ್ಗೆ ನಾಲ್ಕೂವರೆಗೆ ತಣ್ಣೀರು ಸ್ನಾನ, ಪೂಜೆ, ಶರಣು ಕರೆಯುವುದು ಎಲ್ಲ ಮುಗಿಸಿ, ಎಂಟಕ್ಕೆ ಖಾಲಿ ಲ್ಯಾಪ್‌ಟಾಪ್ ಬ್ಯಾಗ್ ಹೆಗಲಿಗೆ ಹಾಕಿಕೊಂಡು ಹೊರಡುತ್ತಿದ್ದೆ. ಕರಿ ಬಟ್ಟೆ, ಬರಿಗಾಲು, ಬೆನ್ನಿಗೆ ಏನೂ ಇಲ್ಲದ ಬ್ಯಾಗು. ಬಸ್ಸಿನಲ್ಲಿ ಈ ತುದಿಯಿಂದ ಆ ತುದಿಗೆ ಹೋಗಿ ಎಲ್ಲಾದರೂ ನೆರಳಲ್ಲಿ ಕೂತು ಸಂಜೆ ಏಳಕ್ಕೆ ವಾಪಸ್.

ರಾತ್ರಿ ಕಲಬುರಗಿಯಿಂದ ಅಪ್ಪನ ಫೋನ್ ಬರುತ್ತಿತ್ತು. ಮಾಲೆ ಹಾಕಿದ ದಿನದಿಂದ ಅಪ್ಪ ನನ್ನನ್ನು ಹೆಸರು ಹಿಡಿದು ಕರೆಯುವುದಿಲ್ಲ. "ಸ್ವಾಮಿ, ಊಟ ಆಯ್ತೇನ್ರಿ? ಡ್ಯೂಟಿ ಹ್ಯಾಂಗ ನಡದದ?" ಅಂತ ಬಹುವಚನದಲ್ಲಿ ಕೇಳುವರು. ನಾನು "ಛಲೋ ನಡದದ" ಅನ್ನುತ್ತಿದ್ದೆ. ಡಿಸೆಂಬರ್ ಒಂದಕ್ಕೆ ಉಳಿತಾಯದಿಂದಲೇ ತೆಗೆದು ₹8,000 ಊರಿಗೆ ಕಳಿಸಿ, ಪಗಾರ ಆಯ್ತು ಅಂದೆ. ಈರುಳ್ಳಿ ಬೆಳ್ಳುಳ್ಳಿ ಮುಟ್ಟದ, ಚಾಪೆಯ ಮೇಲೆ ಮಲಗುವ, ಗಡ್ಡ ಬಿಟ್ಟ ಸ್ವಾಮಿ ದಿನಾ ರಾತ್ರಿ ಹೆತ್ತ ತಂದೆಗೆ ಸುಳ್ಳು ಹೇಳುತ್ತಿದ್ದ. ವ್ರತದ ನಿಯಮಗಳಲ್ಲಿ ಸತ್ಯವೂ ಒಂದು ಅಂತ ಮಾಲೆ ಹಾಕುವಾಗಲೇ ಹೇಳಿರುತ್ತಾರೆ. ನಮಗೆ ತಣ್ಣೀರಿನ ನಿಯಮ ಮಾತ್ರ ನೆನಪಿರುತ್ತದೆ, ಯಾಕಂದರೆ ಅದು ಮೈಗೆ ತಾಗುತ್ತದೆ.

ಅಷ್ಟಕ್ಕೇ ನಿಲ್ಲಲಿಲ್ಲ. ಡಿಸೆಂಬರಿನ ಎರಡನೇ ಭಾನುವಾರ ನಮ್ಮ ರೂಮಿನಲ್ಲಿ ಸ್ವಾಮಿಗಳಿಗೆ ಭಿಕ್ಷೆ ಅಂತ ಅಕ್ಟೋಬರದಲ್ಲೇ ಹೆಸರು ಬರೆಸಿದ್ದೆ. ಈಗ ಆಗುವುದಿಲ್ಲ ಅಂದರೆ ಕಾರಣ ಹೇಳಬೇಕಾಗುತ್ತದೆ. ಹಾಗಾಗಿ ಮೊದಲು ಅಂದುಕೊಂಡದ್ದಕ್ಕಿಂತ ಜೋರಾಗಿಯೇ ಮಾಡಿಸಿದೆ. ಮೂವತ್ತೈದು ಸ್ವಾಮಿಗಳು, ಎರಡು ಸಿಹಿ, ಹೊರಗಿನಿಂದ ಅಡುಗೆ. ಬಿಲ್ಲು ₹11,600. ಕ್ರೆಡಿಟ್ ಕಾರ್ಡ್ ಉಜ್ಜಿದೆ. ಹದಿನೆಂಟು ಮೆಟ್ಟಿಲುಗಳಲ್ಲಿ ಮೊದಲ ಐದು ಇಂದ್ರಿಯಗಳು, ಮುಂದಿನ ಎಂಟು ಕಾಮ ಕ್ರೋಧ ಮೊದಲಾದವು, ಆಮೇಲೆ ಮೂರು ಗುಣಗಳು, ವಿದ್ಯೆ, ಅವಿದ್ಯೆ ಅಂತ ಹಿರಿಯರು ವಿವರಿಸುತ್ತಾರಲ್ಲ, ಆ ಎಂಟರಲ್ಲಿ ದಂಭ ಅಂತ ಒಂದು ಬರುತ್ತದೆ. ಅದು ಯಾವ ಮೆಟ್ಟಿಲು ಅಂತ ನನಗೆ ಅವತ್ತು ಎಲೆ ಹಾಕುವಾಗಲೇ ಗೊತ್ತಿತ್ತು.

ನಮ್ಮ ಗುರುಸ್ವಾಮಿ ಉಡುಪಿ ಕಡೆಯವರು, ಪುಣೆಯಲ್ಲಿ ಹೋಟೆಲ್ ನಡೆಸುತ್ತಾರೆ. ಎಲೆ ನೋಡಿದರೆ ಬಿಲ್ಲು ಹೇಳುವವರು. ಎಲ್ಲ ಸ್ವಾಮಿಗಳು ಹೋದ ಮೇಲೂ ಕೂತೇ ಇದ್ದರು. "ಮಂಗಳವಾರ ಮಧ್ಯಾಹ್ನ ನಿಮ್ಮನ್ನು ಬಸ್‌ಸ್ಟಾಪಿನಲ್ಲಿ ಕಂಡೆ. ಗುರುವಾರವೂ ಕಂಡೆ. ಎಂತ ಸ್ವಾಮಿ, ಕೆಲಸ ಉಂಟಾ?" ಅಂದರು. ಹದಿನೈದು ದಿನದಲ್ಲಿ ನೇರವಾಗಿ ಕೇಳಿದವರು ಅವರೊಬ್ಬರೇ. ಪಾತ್ರೆ ತೊಳೆಯುತ್ತಾ ನಿಂತಿದ್ದವನು ಹಾಗೇ ಅತ್ತುಬಿಟ್ಟೆ.

ಅವರು ಸಮಾಧಾನದ ಮಾತೇನೂ ಆಡಲಿಲ್ಲ. ಬಯ್ಯಲೂ ಇಲ್ಲ. 2020ರಲ್ಲಿ ಲಾಕ್‌ಡೌನ್ ಬಂದು ಹೋಟೆಲ್ ಬಾಗಿಲು ಹಾಕಿದಾಗ ತಾವು ಎರಡು ತಿಂಗಳು ಹೆಂಡತಿಗೆ ಸಾಲದ ಮೊತ್ತ ಹೇಳದೆ ಇದ್ದದ್ದನ್ನು ಹೇಳಿದರು. ಆಮೇಲೆ ಮಣಿಕಂಠನ ಕಥೆಗೆ ಬಂದರು. ನಮಗೆಲ್ಲ ಗೊತ್ತಿರುವ ಕಥೆಯೇ. ಪಂದಳದ ರಾಜಕುಮಾರ, ಹನ್ನೆರಡು ವರ್ಷದ ಹುಡುಗ. ಮಂತ್ರಿಯ ಮಾತು ಕೇಳಿ ರಾಣಿ ತಲೆನೋವಿನ ನಾಟಕ ಮಾಡುತ್ತಾಳೆ, ಔಷಧಕ್ಕೆ ಹುಲಿಯ ಹಾಲು ಬೇಕು ಅನ್ನುತ್ತಾರೆ. ಹುಡುಗನನ್ನು ಕಾಡಿಗೆ ಕಳಿಸುವುದು, ತಿರುಗಿ ಬಾರದಿರಲಿ ಅನ್ನುವುದು ಅದರ ಒಳಗುಟ್ಟು. ನಿನ್ನೆಯವರೆಗೆ ಅರಮನೆ, ಇವತ್ತು ಕಾಡು. "ನೋಡಿ ಸ್ವಾಮಿ, ನಾವು ಹುಲಿ ಹಾಲಿನ ಮಹಿಮೆ ಮಾತ್ರ ಹೇಳ್ತೇವೆ. ಆ ಹುಡುಗ ಹೊರಡುವಾಗ ಅಪ್ಪ ಎಂತ ಕೊಟ್ಟ? ರಾಜ ಅಲ್ವಾ, ಸೈನ್ಯ ಕಳಿಸಬಹುದಿತ್ತು. ಮುಕ್ಕಣ್ಣನ ನೆನಪಿಗೆ ತೆಂಗಿನಕಾಯಿ, ದಾರಿಗೆ ಊಟ. ಎರಡು ಗಂಟು. ಅದೇ ನಮ್ಮ ಇರುಮುಡಿ."

ಕನ್ನಿಸ್ವಾಮಿಗಳು ಇದನ್ನು ಸರಿಯಾಗಿ ತಿಳಿದುಕೊಳ್ಳಬೇಕು. ಇರುಮುಡಿಯಲ್ಲಿ ಮುಂದಿನ ಗಂಟು ದೇವರದು. ತುಪ್ಪ ತುಂಬಿದ ಕಾಯಿ, ಪೂಜೆಯ ಸಾಮಾನು ಅದರಲ್ಲಿ. ಸನ್ನಿಧಾನ ಮುಟ್ಟುವವರೆಗೆ ಬಿಚ್ಚುವಂತಿಲ್ಲ. ಹಿಂದಿನ ಗಂಟು ಯಾತ್ರಿಕನದು. ಅಕ್ಕಿ, ಬೇಳೆ, ಅವಲಕ್ಕಿ, ಬೆಲ್ಲ. ಹಿಂದಿನವರು ಎರುಮೇಲಿಯಿಂದ ಕಾಡುದಾರಿಯಲ್ಲಿ ನಡೆಯುವಾಗ ಅದನ್ನೇ ಬಿಚ್ಚಿ ಗಂಜಿ ಬೇಯಿಸಿ ತಿಂದು ಮುಂದೆ ಹೋಗುತ್ತಿದ್ದರು. ಬೆಟ್ಟ ಏರುತ್ತಾ ಏರುತ್ತಾ ಹಿಂದಿನ ಗಂಟು ಹಗುರ ಆಗುತ್ತದೆ. ಅದು ಹಾಗೆ ಆಗಬೇಕಾದದ್ದೇ.

ಗುರುಸ್ವಾಮಿ ಅವತ್ತು ರಾತ್ರಿ ಭಿಕ್ಷೆಯ ಬಿಲ್ಲಿನ ಹಿಂಬದಿಯಲ್ಲೇ ಎರಡು ಗೆರೆ ಎಳೆದು, "ಮುಂದಿನ ಗಂಟಿನಲ್ಲಿ ಎಂತ ಉಂಟು ಬರೀರಿ, ಹಿಂದಿನದ್ದರಲ್ಲಿ ಎಂತ ಉಂಟು ಬರೀರಿ" ಅಂದರು. ಬ್ಯಾಂಕಿನಲ್ಲಿ ₹44,000 ಇತ್ತು. ಪಿಎಫ್ ಇತ್ತು. ಕಾರ್ಡಿನ ಸಾಲ ₹11,600. "ಇದು ಎಲ್ಲಿಗೆ ಬಂತು ಮೂರನೇ ಗಂಟು? ತಲೆ ಮೇಲೆ ಎರಡಕ್ಕೇ ಜಾಗ" ಅಂದರು. ಕಾರ್ಡಿನಲ್ಲಿ ಕನಿಷ್ಠ ಮೊತ್ತ ಕಟ್ಟಿದರೆ ಸಾಕು ಅಂತ ನಾನು ಅಂದುಕೊಂಡಿದ್ದೆ. ಸಾಕಾಗುವುದಿಲ್ಲ ಸ್ವಾಮಿಗಳೇ. ಉಳಿದ ಮೊತ್ತಕ್ಕೆ ಬಹಳಷ್ಟು ಕಾರ್ಡುಗಳಲ್ಲಿ ತಿಂಗಳಿಗೆ ಶೇಕಡಾ 3ಕ್ಕಿಂತ ಹೆಚ್ಚು ಬಡ್ಡಿ, ವರ್ಷಕ್ಕೆ ಅದು ಶೇಕಡಾ 40ರ ಹತ್ತಿರ ಹೋಗುತ್ತದೆ. ಮರುದಿನವೇ ಪೂರ್ತಿ ಕಟ್ಟಿದೆ. ಉಳಿದದ್ದು ₹32,400. ರೂಮಿನ ಪಾಲು 6,500, ಫೋನಿನ ಕಂತು 2,100, ಬಸ್ಸು ಮೊಬೈಲು 700, ಬೆಳಗಿನ ಮತ್ತು ರಾತ್ರಿಯ ಊಟಕ್ಕೆ 1,500. ಒಟ್ಟು ₹10,800. ಮಧ್ಯಾಹ್ನದ ಊಟ ಗುರುಸ್ವಾಮಿಯ ಹೋಟೆಲಿನಲ್ಲಿ, ಬದಲಿಗೆ ಅವರ ಬಿಲ್ಲಿಂಗ್ ಕಂಪ್ಯೂಟರು, ಪ್ರಿಂಟರು ನಾನು ನೋಡಿಕೊಳ್ಳುವುದು. ಊರಿಗೆ ಕಳಿಸುವುದು ನಿಲ್ಲಿಸಿದರೆ ಮೂರು ತಿಂಗಳು ನಡೆಯುತ್ತದೆ. ₹8,000 ಕಳಿಸುತ್ತಾ ಹೋದರೆ ಎರಡು ತಿಂಗಳೂ ಪೂರ್ತಿ ಆಗುವುದಿಲ್ಲ. ಕಾಗದದ ಮೇಲೆ ಬರೆಯುವವರೆಗೆ ಅದು ದೊಡ್ಡ ಕತ್ತಲೆ ಇತ್ತು. ಬರೆದ ಮೇಲೆ ಮೂರು ತಿಂಗಳು ಅನ್ನುವ ಒಂದು ಅಳತೆ ಬಂತು.

ಉಳಿತಾಯದ ದುಡ್ಡು ತೆಗೆಯುವಾಗಲೆಲ್ಲ ನನಗೆ ಅವಮಾನ ಅನಿಸುತ್ತಿತ್ತು. ಸೋತವನು ಕೂಡಿಟ್ಟದ್ದನ್ನು ತಿನ್ನುತ್ತಾನೆ ಅಂತ. ಅದಕ್ಕೆ ಗುರುಸ್ವಾಮಿ, "ಹಿಂದಿನ ಗಂಟು ಬಿಚ್ಚಿ ಗಂಜಿ ಮಾಡಿದ ಸ್ವಾಮಿಯನ್ನು ಯಾರಾದ್ರೂ ಸೋತವ ಅಂತಾರಾ? ಅದನ್ನು ಕಟ್ಟಿದ್ದು ಎಂತಕ್ಕೆ?" ಅಂದರು. ಪಿಎಫ್ ತೆಗೆಯುತ್ತೇನೆ ಅಂದಾಗ ಮಾತ್ರ ತಡೆದರು. ಅದು ಮುಂದಿನ ಗಂಟು. ಐದು ವರ್ಷ ಸರ್ವಿಸ್ ಪೂರ್ತಿ ಆಗುವ ಮೊದಲು ತೆಗೆದರೆ ತೆರಿಗೆಯ ಲೆಕ್ಕವೂ ಬರುತ್ತದೆ, ಹೊಸ ಕೆಲಸ ಸಿಕ್ಕಾಗ ಅದೇ ಯುಎಎನ್‌ಗೆ ಸೇರಿಸಿಕೊಂಡು ಹೋಗಬಹುದು. ಬೇರೆ ದಾರಿಯೇ ಇಲ್ಲದವರ ಮಾತು ಬೇರೆ, ಅವರು ತೆಗೆಯಲಿ, ತಪ್ಪಿಲ್ಲ.

ಇಲ್ಲಿ ನಾನು ಕಳೆದುಕೊಂಡ ಒಂದನ್ನು ಹೇಳಬೇಕು. ಕಂಪನಿಯ ಆರೋಗ್ಯ ವಿಮೆಯಲ್ಲಿ ಅಪ್ಪ ಅಮ್ಮ ಇದ್ದರು. ಕೆಲಸದ ಕೊನೆಯ ದಿನಕ್ಕೆ ಅದೂ ಮುಗಿಯಿತು. ಅದೇ ವಿಮಾ ಕಂಪನಿಯಲ್ಲಿ ಸ್ವಂತ ಪಾಲಿಸಿಗೆ ಬದಲಾಯಿಸಿಕೊಳ್ಳಲು ಅವಕಾಶ ಇರುತ್ತದೆ ಅಂತ ನನಗೆ ತಿಳಿದದ್ದು ತಡವಾಗಿ. ನಾಚಿಕೆಯಲ್ಲಿ ತಲೆ ಅಲ್ಲಾಡಿಸಿ ಎದ್ದು ಬಂದಿದ್ದೆನಲ್ಲ. ನೀವು ಹಾಗೆ ಮಾಡಬೇಡಿ. ಆ ಕುರ್ಚಿಯಿಂದ ಏಳುವ ಮೊದಲೇ ವಿಮೆ, ಬಾಕಿ ರಜೆಯ ಹಣ, ರಿಲೀವಿಂಗ್ ಲೆಟರ್, ಲೆಕ್ಕ ಚುಕ್ತಾ ಆಗುವ ದಿನ, ನಾಲ್ಕನ್ನೂ ಕೇಳಿ, ಬರಹದಲ್ಲಿ ಪಡೆಯಿರಿ. ಮತ್ತೆ, ಕೆಲಸ ಕೊಡಿಸುತ್ತೇವೆ, ನೋಂದಣಿಗೆ ಇಷ್ಟು ಕಟ್ಟಿ ಅಂತ ಬರುವ ಫೋನುಗಳಿಗೆ ಒಂದು ರೂಪಾಯಿಯೂ ಕೊಡಬೇಡಿ. ನನಗೆ ಅಂಥವು ನಾಲ್ಕು ಬಂದವು.

ಆ ರಾತ್ರಿ ಹೊರಡುವಾಗ ಗುರುಸ್ವಾಮಿ ಹೇಳಿದ್ದು ಒಂದೇ ನಿಬಂಧನೆ. "ಇರುಮುಡಿ ಕಟ್ಟುವುದರೊಳಗೆ ಅಪ್ಪನಿಗೆ ಹೇಳಿ."

ಹೇಳಲಿಲ್ಲ. ನಾಳೆ, ನಾಡಿದ್ದು ಅಂತ ಜನವರಿ ಬಂತು. ಇರುಮುಡಿ ಕಟ್ಟುವ ದಿನ ಕಾಯಿಯೊಳಗೆ ತುಪ್ಪ ಸುರಿಯುವಾಗ ಗುರುಸ್ವಾಮಿ ನನ್ನ ಮುಖ ನೋಡಿದರು. "ಕಲಬುರಗಿ ಸ್ಟೇಷನ್‌ಗೆ ಅಪ್ಪ ಬರ್ತಾರೆ, ಅಲ್ಲಿ ಹೇಳ್ತೀನಿ ಗುರುಸ್ವಾಮಿ" ಅಂದೆ. ಏನೂ ಅನ್ನದೆ ಮೂರು ಹಿಡಿ ಅಕ್ಕಿ ಹಾಕಿಸಿದರು.

ಪುಣೆಯಿಂದ ಕನ್ಯಾಕುಮಾರಿಗೆ ಹೋಗುವ ರೈಲು ಸೋಲಾಪುರ ದಾಟಿ ಕಲಬುರಗಿ, ವಾಡಿ, ರಾಯಚೂರು ಮೇಲೆ ಚೆಂಗನ್ನೂರಿಗೆ ಹೋಗುತ್ತದೆ. ನಮ್ಮ ಗುಂಪು ಪ್ರತಿ ವರ್ಷ ಅದರಲ್ಲೇ. ಕಲಬುರಗಿಯಲ್ಲಿ ಅಪ್ಪ ಪ್ಲಾಟ್‌ಫಾರ್ಮಿನ ಮೇಲೆ ಬುತ್ತಿ ಹಿಡಿದು ನಿಂತಿದ್ದರು. ಜೋಳದ ರೊಟ್ಟಿ, ಶೇಂಗಾ ಹಿಂಡಿ, ಬೆಳ್ಳುಳ್ಳಿ ಹಾಕಿಲ್ಲ ಅಂತ ಅಮ್ಮ ಹೇಳಿ ಕಳಿಸಿದ್ದು. ರೈಲು ನಿಲ್ಲುವುದು ನಾಲ್ಕೈದು ನಿಮಿಷ. ಅದರಲ್ಲಿ ಎರಡು ನಿಮಿಷ ಸುಮ್ಮನೆ ಕಳೆದೆ. ಆಮೇಲೆ ಒಂದೇ ಉಸಿರಿಗೆ, "ಅಪ್ಪ, ನನ್ನ ಕೆಲಸ ಹೋಗ್ಯದ. ನವೆಂಬರದಾಗೇ" ಅಂದೆ.

ಅಪ್ಪ ಸ್ವಲ್ಪ ಹೊತ್ತು ಏನೂ ಅನ್ನಲಿಲ್ಲ. ಆಮೇಲೆ ಸ್ವಾಮಿಯೂ ಹೋಯಿತು, ಬಹುವಚನವೂ ಹೋಯಿತು. "ಮತ್ತ ಆ ಎಂಟ ಸಾವಿರ ಎಲ್ಲಿಂದ ಕಳಸ್ದಿ?"

"ಉಳಿಸಿದ್ದರಾಗಿಂದು."

"ಹುಚ್ಚ ಅದಿ ಏನ? ನಾ ಬ್ಯಾಳಿ ಮಿಲ್ಲಿನ್ಯಾಗ ಇಪ್ಪತ್ತೆರಡು ವರ್ಷ ಮಾಡೀನಿ. ತೊಗರಿ ಸೀಸನ್ ಮುಗದ್ರ ಮನಿಗೆ ಕಳಸ್ತಿದ್ರು. ಎಷ್ಟ ಸಲ ಬಂದು ಕುಂತೀನಿ, ನಿನಗ ಗೊತ್ತಿಲ್ಲೇನ? ನಿಮ್ಮವ್ವಗ ಅವತ್ತೇ ಹೇಳ್ತಿದ್ದೆ."

ನನಗೆ ಗೊತ್ತಿತ್ತು. ಚಿಕ್ಕಂದಿನಲ್ಲಿ ಅಪ್ಪ ಮನೆಯಲ್ಲಿರುವ ತಿಂಗಳುಗಳು ನಮಗೆ ಖುಷಿಯ ತಿಂಗಳುಗಳು. ಅದು ಕೆಲಸವಿಲ್ಲದ ತಿಂಗಳು ಅಂತ ಅಲ್ಲಿಯವರೆಗೆ ಯೋಚನೆಯೇ ಮಾಡಿರಲಿಲ್ಲ. ಊರಲ್ಲಿ ಮೊದಲ ಡಿಪ್ಲೊಮಾದವನು, ಪುಣೆಯಲ್ಲಿ ಎಸಿ ಆಫೀಸಿನವನು, ನನಗೆ ಹೀಗಾಗಬಾರದು ಅಂತ ಇತ್ತು. ಅಪ್ಪನಿಗಾದದ್ದು ನನಗೂ ಆಗಿತ್ತು, ಅಷ್ಟೆ.

ಸಿಗ್ನಲ್ ಬಿತ್ತು. ಅಪ್ಪ ಬಾಗಿ ನನ್ನ ಕಾಲು ಮುಟ್ಟಲು ಬಂದರು. ನಾನು ಹಿಂದೆ ಸರಿದೆ, ಇಷ್ಟು ಸುಳ್ಳು ಹೇಳಿದವನ ಕಾಲು ಯಾಕಪ್ಪ ಅಂದೆ. "ಮಾಲಿಗಿ ಮಾಡ್ಲಕತ್ತೀನಿ, ನಿನಗಲ್ಲ. ನಿಂದ್ರು ಸುಮ್ಮ" ಅಂದರು. ರೈಲು ಹೊರಟಿತು. ವಾಡಿ ಬರುವವರೆಗೆ ಬಾಗಿಲಲ್ಲೇ ನಿಂತಿದ್ದೆ. ಗುರುಸ್ವಾಮಿ ಬಂದು ಬುತ್ತಿ ಇಸಿದುಕೊಂಡು ಎಲ್ಲರಿಗೂ ಹಂಚಿದರು.

ಕಾಡುದಾರಿಯ ವಿವರ ಬೇರೆ ಸ್ವಾಮಿಗಳು ಚೆನ್ನಾಗಿ ಬರೆದಿದ್ದಾರೆ, ನಾನು ಹೆಚ್ಚು ಹೇಳುವುದಿಲ್ಲ. ಅಳುದೆಯಲ್ಲಿ ಮುಳುಗಿ ಕಲ್ಲು ತೆಗೆದುಕೊಂಡು ಕಲ್ಲಿಡುಂ ಕುನ್ನಿನಲ್ಲಿ ಹಾಕಿದೆ. ಕರಿಮಲೆ ಏರುವಾಗ ಕಾಲು ಒಡೆದು ರಕ್ತ ಬಂತು. ಸನ್ನಿಧಾನದಲ್ಲಿ ಏನು ಬೇಡಬೇಕು ಅಂತ ಪುಣೆಯಿಂದಲೇ ತಯಾರಿ ಮಾಡಿಕೊಂಡು ಹೋಗಿದ್ದೆ. ಯಾವ ಕೆಲಸ, ಎಷ್ಟು ಸಂಬಳ, ಯಾವ ಏರಿಯಾ. ಹದಿನೆಂಟು ಮೆಟ್ಟಿಲು ಪೊಲೀಸರ ಕೈಯಿಂದ ಕೈಗೆ ದಾಟಿಸಿದಂತೆ ಆಗಿ ಮೇಲೆ ಬಂದರೆ ಎದುರಿಗೆ 'ತತ್ವಮಸಿ' ಅಂತ ಬರೆದದ್ದು ಕಂಡಿತು. ಅದು ನೀನೇ ಆಗಿದ್ದೀಯೆ ಅಂತ ಛಾಂದೋಗ್ಯ ಉಪನಿಷತ್ತಿನಲ್ಲಿ ತಂದೆ ಮಗನಿಗೆ ಹೇಳಿದ ಮಾತು. ಉದ್ದಾಲಕ ಶ್ವೇತಕೇತುವಿಗೆ ಹೇಳುವಾಗ ಮಗ ಹನ್ನೆರಡು ವರ್ಷ ಓದಿ ಬಂದ ಗರ್ವದಲ್ಲಿದ್ದ. ನಾನು ಮೂರು ವರ್ಷದ ಡಿಪ್ಲೊಮಾ ಮತ್ತು ಒಂದು ಐಡಿ ಕಾರ್ಡಿನ ಗರ್ವದಲ್ಲಿದ್ದೆ. ಸ್ವಾಮಿಯ ಮುಂದೆ ನಿಂತದ್ದು ಎರಡು ಸೆಕೆಂಡು ಇರಬಹುದು. ಕೆಲಸ ಕೇಳುವುದು ಮರೆತೇ ಹೋಯಿತು.

ವಾಪಸ್ ಬರುವಾಗ ಕಲಬುರಗಿಯಲ್ಲಿ ಇಳಿದೆ. ಅಮ್ಮ ಮಾಲೆ ತೆಗೆದಳು. ಎಂಟು ದಿನ ಇದ್ದೆ. ಅಪ್ಪ ನಾನು ಇಬ್ಬರೂ ಕೂತು ಕ್ಯಾಲೆಂಡರಿನ ಹಿಂದೆ ಮನೆಯ ಖರ್ಚು ಬರೆದೆವು. ನಾನು ₹8,000 ಇಲ್ಲದಿದ್ದರೆ ಮನೆ ನಡೆಯುವುದಿಲ್ಲ ಅಂದುಕೊಂಡಿದ್ದೆ, ಅಪ್ಪ ಅದರಲ್ಲಿ ಅರ್ಧ ನನ್ನ ಹೆಸರಿನಲ್ಲೇ ಪೋಸ್ಟಿನಲ್ಲಿ ಕಟ್ಟುತ್ತಾ ಇದ್ದರು. ಇಬ್ಬರೂ ಒಬ್ಬರಿಗೊಬ್ಬರು ಹೇಳಿರಲಿಲ್ಲ. ಫೆಬ್ರವರಿ ಕೊನೆಗೆ ಪುಣೆಯಲ್ಲೇ ಚಿಕ್ಕ ಕಂಪನಿಯಲ್ಲಿ ಕೆಲಸ ಸಿಕ್ಕಿತು, ಹಿಂದಿನದಕ್ಕಿಂತ ₹5,000 ಕಡಿಮೆ. ಹಿಂದಿನ ಗಂಟಿನಲ್ಲಿ ಅಷ್ಟು ಹೊತ್ತಿಗೆ ₹6,000 ಚಿಲ್ಲರೆ ಉಳಿದಿತ್ತು. ಆ ತಿಂಗಳುಗಳೆಲ್ಲ ಭಕ್ತಿಯಲ್ಲಿ ಶಾಂತವಾಗಿ ಕಳೆದವು ಅಂತ ಬರೆದರೆ ಅದೂ ಸುಳ್ಳಾಗುತ್ತದೆ. ಹದಿನಾಲ್ಕು ಕಡೆ ಇಲ್ಲ ಅಂದರು. ಕೆಲವು ರಾತ್ರಿ ಬದುಕೇ ಬೇಡ ಅನಿಸಿದ್ದೂ ಉಂಟು. ಹಾಗೆ ಅನಿಸಿದ ಸ್ವಾಮಿಗಳು ಶರಣು ಕರೆಯಿರಿ, ಜೊತೆಗೆ 14416ಕ್ಕೂ ಫೋನ್ ಮಾಡಿ. ಸರ್ಕಾರದ ಟೆಲಿ ಮಾನಸ್, ಉಚಿತ, ದಿನದ 24 ಗಂಟೆ, ಕನ್ನಡದಲ್ಲೂ ಮಾತಾಡುತ್ತಾರೆ. ನಾನು ಒಂದು ಸಲ ಮಾಡಿದ್ದೇನೆ. ಅದರಿಂದ ವ್ರತಕ್ಕೆ ಏನೂ ಭಂಗವಿಲ್ಲ.

ಹೊಸ ಜಾಗದಲ್ಲೂ ನನಗೆ ಅದೇ ಟಿಕೆಟುಗಳು ಬರುತ್ತವೆ. ಈಗ ಲಾಗಿನ್ ಬಂದ್ ಮಾಡುವ ಮೊದಲು ಅವರ ಸೀಟಿನ ಹತ್ತಿರ ಹೋಗಿ, ಫೋಟೋ, ಸಂಬಳದ ಚೀಟಿ ಏನಾದರೂ ತೆಗೆದುಕೊಳ್ಳುವುದಿದೆಯೇ ಅಂತ ಕೇಳುತ್ತೇನೆ. ಹತ್ತು ನಿಮಿಷದ ಕೆಲಸಕ್ಕೆ ಇಪ್ಪತ್ತು ನಿಮಿಷ ಆಗುತ್ತದೆ. ಮ್ಯಾನೇಜರ್ ಎರಡು ಸಲ ಕೇಳಿದ್ದಾರೆ.

ಈಗ ಮಾಲೆ ತೆಗೆಯಲೇ ಅಂತ ಕೇಳಿದ ಸ್ವಾಮಿಗೆ. ಗುರುಸ್ವಾಮಿ ಹೇಳಿದ್ದನ್ನೇ ಬರೆಯುತ್ತೇನೆ: "ಮನೆಯಲ್ಲಿ ಸಾವಾದರೆ ಮಾಲೆ ತೆಗೆಯುವ ಕ್ರಮ ಉಂಟು. ಕೆಲಸ ಹೋದದ್ದು ಸೂತಕ ಅಲ್ಲ." ಇಂಟರ್‌ವ್ಯೂಗೆ ಹೋಗುವಾಗ ಚಪ್ಪಲಿ ಹಾಕಿಕೊಳ್ಳಲು, ಕರಿ ಪಂಚೆಯ ಬದಲು ಕರಿ ಪ್ಯಾಂಟು ಹಾಕಲು ನನಗೆ ಅವರು ಅನುಮತಿ ಕೊಟ್ಟಿದ್ದರು. ನೀವು ನಿಮ್ಮ ಗುರುಸ್ವಾಮಿಯನ್ನು ಕೇಳಿಕೊಳ್ಳಿ. ಗಡ್ಡ ಯಾಕೆ ಅಂತ ಅವರು ಕೇಳಿದರೆ ವ್ರತ ಅಂತ ಹೇಳಿ, ನನಗೆ ಕೇಳಿದವರು ಇಬ್ಬರೇ. ಯಾತ್ರೆಗೆ ಸಾಲ ಮಾಡಬೇಡಿ. ದುಡ್ಡಿಲ್ಲದಿದ್ದರೆ ಗುಂಪಿನಲ್ಲಿ ಹೇಳಿ, ನಮ್ಮದು ಅನ್ನದಾನ ಪ್ರಭುವಿನ ಹೆಸರು ಹೇಳುವ ಗುಂಪು. ಈ ವರ್ಷ ಹೋಗಲಾಗದಿದ್ದರೆ ಬರುವ ವರ್ಷ. ಭಿಕ್ಷೆಗೆ ಹೆಸರು ಬರೆಸಿದ್ದರೆ ಗಂಜಿ, ಒಂದು ಪಲ್ಯ ಸಾಕು, ಪಾತ್ರೆ ತೊಳೆಯಲು ನಾನು ಬರುತ್ತೇನೆ.

ಮತ್ತೆ ಇವತ್ತು ರಾತ್ರಿ ಮನೆಗೆ ಫೋನ್ ಮಾಡಿ ಹೇಳಿ. ಸ್ಟೇಷನ್‌ವರೆಗೆ ಕಾಯಬೇಡಿ.

ಭಾನುವಾರದ ಭಜನೆ ಎಂದಿನಂತೆ ಸಂಜೆ 6ಕ್ಕೆ. ಕೆಲಸ ಹುಡುಕುತ್ತಿರುವ ಸ್ವಾಮಿಗಳು ಒಂದು ಗಂಟೆ ಮೊದಲೇ ಬನ್ನಿ, ಬಯೋಡೇಟಾ ಜೊತೆಗಿರಲಿ. ಬೇರೆ ಊರಿನವರು ಗುಂಪಿನಲ್ಲೇ ಹಾಕಿ. ಹೈದರಾಬಾದಿನಲ್ಲಿ ನೆಟ್‌ವರ್ಕ್ ಕೆಲಸ ಗೊತ್ತಿರುವವರು ಬೇಕು ಅಂತ ಅಲ್ಲಿಯ ಹಿರಿಯ ಸ್ವಾಮಿಯೊಬ್ಬರು ನಿನ್ನೆ ಹೇಳಿದ್ದಾರೆ, ಅದನ್ನು ಬೇರೆ ಕಳಿಸುತ್ತೇನೆ.

ಸ್ವಾಮಿಯೇ ಶರಣಮಯ್ಯಪ್ಪ.